ಅವ್ವನ ಕಣಕಾಲು

ನಮ್ಮ ಹುನ್ನೂರಿನ ಮನೆಯಲ್ಲಿ ಕೂಸು ಹುಟ್ಟಿದರೆ ಎರೆಯುವವಳು ಅವ್ವನೇ. ಸೀರೆ ಮೊಣಕಾಲಿನ ಮೇಲೆ ಸರಿಸಿ, ಎರಡೂ ಕಾಲು ಚಾಚಿ ಕುಳಿತು, ಬರಿ ಕಣಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಬಿಸಿನೀರು ಹಾಕುತ್ತಾಳೆ. ಓಣಿಯ ಎಷ್ಟೋ ಮಕ್ಕಳು ಅಲ್ಲೇ ಎರೆಸಿಕೊಂಡು ದೊಡ್ಡವಾದವು. ನನ್ನ ತಂಗಿ ಚೊಚ್ಚಲ ಹೆರಿಗೆಗೆ ಬಂದಾಗ ಆ ಕಾಲುಗಳ ಮೇಲೆ ಗಜಕರ್ಣ ಎದ್ದಿತ್ತು.

ಅವ್ವ ಅದನ್ನು ಸೀರೆಯೊಳಗೆ ಮುಚ್ಚಿಟ್ಟು, ಅಂಗಡಿಯಿಂದ ಯಾವುದೋ ಮುಲಾಮು ತರಿಸಿ ಹಚ್ಚಿಕೊಂಡಿದ್ದಳು. ಮೊದಲು ತುರಿಕೆ ನಿಂತಿತು. ಆಮೇಲೆ ಕಲೆ ಮೊದಲಿಗಿಂತ ಅಗಲವಾಗಿ ಹರಡಿತು. ನನಗೆ ಸಿಟ್ಟು ನೆತ್ತಿಗೇರಿ, ಬೈಯುತ್ತಲೇ ಅವಳನ್ನು ಜಮಖಂಡಿಯ ಬಸ್ಸು ಹತ್ತಿಸಿದೆ.

"ನೀ ಏನರ ಬೈ, ಕೂಸಿಗೆ ಮಾತ್ರ ನಾನ ಎರ್ಯಾಕಿ" ಎಂದು ದಾರಿಯುದ್ದಕ್ಕೂ ಒಂದೇ ಹಟ.

ಚರ್ಮದ ಡಾಕ್ಟರಮ್ಮ ಅವಳ ಕಾಲು ನೋಡಿ ಕೇಳಿದರು: "ಮನ್ಯಾಗ ಸಣ್ಣ ಕರಾ ಐತೇನ್ರಿ? ಕಣ್ಣಿನ ಸುತ್ತ ಬೂದಿ ಬಡದಂಗ ಕಲಿ ಅದಾವೇನು?"

ಅವ್ವ ಬಾಯಿ ತೆರೆದುಕೊಂಡೇ ಕುಳಿತಳು. "ನಮ್ಮ ಎಮ್ಮಿ ಕರಾ ನಿಮಗ ಹೆಂಗ ಗೊತ್ತಾತ್ರಿ ಬಾಯಾರ?"

ತಾಯಿ ಒದ್ದು ದೂರ ಮಾಡಿದ ಆ ಕರುವನ್ನು ಅವ್ವ ಬರಿಗಾಲುಗಳ ನಡುವೆ ಹಿಡಿದು ಬಾಟಲಿಯಿಂದ ಹಾಲು ಕುಡಿಸುತ್ತಿದ್ದಳು. ದಿನವೂ ನೋಡುತ್ತಿದ್ದೆ, ಒಮ್ಮೆಯೂ ಹೊಳೆದಿರಲಿಲ್ಲ.

ಡಾಕ್ಟರು ಕಲೆಯ ಅಂಚಿನಿಂದ ಒಂದಿಷ್ಟು ಹೊಟ್ಟು ಕೆರೆದು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ತಾವು ನೋಡಿ, ಅವ್ವನಿಗೂ ತೋರಿಸಿದರು. ಅವಳು ಬನಹಟ್ಟಿಯ ನೇಕಾರರ ಮನೆಯ ಮಗಳು.

"ಯವ್ವಾ, ಇದು ನೂಲ! ಟೊಂಗಿ ಒಡದಾವ ನೋಡ ಬೇ!"

ನೋಡಿದೆ. ಅವ್ವನ ಚರ್ಮದೊಳಗೆ ಕವಲೊಡೆದು ಹಬ್ಬಿದ ತೆಳ್ಳನೆಯ ಎಳೆಗಳು. ಕರುವಿನ ಒಂದು ಉದುರಿದ ಕೂದಲು ಸಾಕಂತೆ ಅದು ಮನುಷ್ಯರಿಗೆ ದಾಟಲು. ಆಮೇಲೆ ಒಂದೇ ಟವಲು, ಒಂದೇ ಹಾಸಿಗೆ, ಬೆವರಿ ಒದ್ದೆಯಾದ ಬಟ್ಟೆ, ಎಲ್ಲವೂ ಅದಕ್ಕೆ ಅನುಕೂಲವೇ. ನಾವು ಬೈದಾಡಿಕೊಂಡು ಬಾಳುವ ಮನೆಯಲ್ಲಿ ಇಷ್ಟು ಸದ್ದಿಲ್ಲದೆ ಇನ್ನೊಂದು ಜೀವ ಓಡಾಡಿಕೊಂಡಿತ್ತಲ್ಲ ಎಂದು ಬೆರಗಾದೆ. ಅಸಹ್ಯವಾಗಬೇಕಿತ್ತು, ಆಗಲಿಲ್ಲ.

"ಹಂಗಾರ ಕೌದಿ?" ಅವ್ವನ ದನಿ ಇಳಿದಿತ್ತು. ಹುಟ್ಟುವ ಕೂಸಿಗೆಂದು ತನ್ನ ಹಳೆಯ ಸೀರೆಗಳ ಕೌದಿಯನ್ನು ಅದೇ ಕಾಲುಗಳ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದಳು.

"ಕುದಿನೀರಾಗ ಹಾಕಿ ಬಿಸಲಿಗೆ ಒಣಗಸ್ರಿ. ಕರಕ್ಕೂ ಔಷಧ ಮಾಡಸ್ರಿ. ನಾ ಹೇಳೂತನಕ ಕೂಸಿನ್ನ ಕಾಲ ಮ್ಯಾಲ ಹಾಕೋಬ್ಯಾಡ್ರಿ."

ಕಾಲು ವಾಸಿಯಾಗುವ ಮೊದಲೇ ಕೂಸು ಹುಟ್ಟಿತು. ನಾನು ಎರೆದೆ. ಅವ್ವ ಬಚ್ಚಲ ಬಾಗಿಲ ಹೊರಗೆ ಕೈ ಕಟ್ಟಿ ಕುಳಿತು, "ತಲಿ ಹಿಡಿ ಬೇ, ಕಿವ್ಯಾಗ ನೀರ ಹೊಕ್ಕಾವು" ಎಂದು ಜೀವ ತಿನ್ನುತ್ತಿದ್ದಳು. ಹಟಮಾರಿ ಅವ್ವ ಒಂದು ದಿನವೂ ಹೊಸ್ತಿಲು ದಾಟಲಿಲ್ಲ.

ವಾರಗಟ್ಟಲೆ ಗುಳಿಗೆ ನುಂಗಿದ ಮೇಲೆ ಡಾಕ್ಟರು ಮತ್ತೆ ಕೆರೆದು ನೋಡಿ, ಇನ್ನೇನೂ ಇಲ್ಲ ಎಂದರು. ಅವ್ವ ನಂಬಲಿಲ್ಲ. ತಾನೇ ಸೂಕ್ಷ್ಮದರ್ಶಕಕ್ಕೆ ಬಗ್ಗಿ, ಬಹಳ ಹೊತ್ತು ಒಂದೇ ಕಣ್ಣಿನಿಂದ ಹುಡುಕಿದಳು.

"ಒಂದ ಎಳಿನೂ ಇಲ್ರಿ" ಎಂದಳು.

ಮರುದಿನ ಬೆಳಿಗ್ಗೆ ಕಾಲು ಚಾಚಿ ಕುಳಿತು, "ತಾ ಇಲ್ಲೆ" ಎಂದಳು. ಕೂಸು ನನ್ನ ಬಳಿ ಅಳುವಷ್ಟೇ ಜೋರಾಗಿ ಅಲ್ಲೂ ಅತ್ತಿತು. ಅವ್ವ ಮಾತ್ರ ನೀರು ಹಾಕುವುದನ್ನೇ ಮರೆತು ಅದರ ಬೆನ್ನು ಸವರುತ್ತ ಕುಳಿತಿದ್ದಳು.