ಮೂರಾದ ಮೇಲೆ ನಾಲ್ಕು

ಬೆಳಗಿನ ಆರೂವರೆ. ಆಗಸ್ಟ್ ತಿಂಗಳು, ಭೂಮಿಯ ಈ ದಕ್ಷಿಣ ತುದಿಯಲ್ಲಿ ಚಳಿಗಾಲ, ನಮ್ಮ ಓಮಾರು ಬಂದರಿನ ಗಾಳಿ ಮೂಗಿನ ತುದಿಯನ್ನು ಕಚ್ಚುತ್ತಿದೆ. ಚಿತ್ರಮಂದಿರದ ಹಿಂಬಾಗಿಲಿನಿಂದ ಮೂವತ್ತೆಂಟು ಮೆಟ್ಟಿಲು ಹತ್ತಿದರೆ ಪ್ರೊಜೆಕ್ಟರ್ ಕೋಣೆ. ಐಲ್ಸಾ ಡತೀ ಆಗಲೇ ಬಂದು ಕೂತಿದ್ದಾರೆ. ಕೈಗೆ ಬಿಳಿ ಹತ್ತಿಯ ಗವಸು, ಮುಂದೆ ಉದ್ದನೆಯ ಬೆಂಚು, ಬೆಂಚಿನ ಎರಡು ತುದಿಗೆ ಎರಡು ಚಕ್ರ. ಎಡಗೈಯ ಎರಡು ಬೆರಳ ನಡುವೆ ಫಿಲ್ಮಿನ ಅಂಚನ್ನು ಹಿಡಿದು ಬಲಗೈಯಿಂದ ಚಕ್ರ ತಿರುಗಿಸುತ್ತಾರೆ. ಅಂಚು ಎಲ್ಲಿ ಹರಿದಿದೆ, ಅಂಟುಪಟ್ಟಿ ಎಲ್ಲಿ ಬಿಟ್ಟಿದೆ ಎಂಬುದು ಮೊದಲು ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ಆಮೇಲೆ.

"ಬಾಗಿಲು ಹಾಕ್ಕೊಂಡು ಬಾ, ಗಾಳಿ ಬರುತ್ತೆ," ಎನ್ನುತ್ತಾರೆ, ತಲೆ ಎತ್ತದೆ. "ಫ್ಲಾಸ್ಕಲ್ಲಿ ಟೀ ಇದೆ. ಚೀಸ್ ರೋಲು ಕೆಳಗೆ ಟೀ ಮಾರೋ ಸೆಮಿಸಿ ಮಾಡಿದ್ದು, ಗಟ್ಟಿಯಾಗಿದೆ, ನೋಡ್ಕೊಂಡು ಕಚ್ಚು. ಈ ರೀಲು ಮುಗಿಯೋವರೆಗೂ ನನ್ನ ಮಾತಾಡಿಸ್ಬೇಡ."

ಮಾತಾಡಿಸದೆ ಕೂರುತ್ತೇನೆ. ಎಪ್ಪತ್ತನಾಲ್ಕು ವರ್ಷದ ಈ ಹೆಂಗಸಿನ ಎದುರು ಬಾಯಿ ಮುಚ್ಚಿಕೊಂಡಿರುವುದು ನಮ್ಮೂರಿನಲ್ಲಿ ಎಲ್ಲರೂ ಕಲಿತ ಪಾಠ.

ಪ್ರತಿ ಚಳಿಗಾಲ ನಮ್ಮೂರಿನಲ್ಲಿ ಒಂದು ವಾರ ಸಣ್ಣ ಚಿತ್ರಗಳ ಪ್ರದರ್ಶನ ನಡೆಯುತ್ತದೆ. ಹೊಡೆದಾಟವಿಲ್ಲ, ಹೆಸರಾದ ನಟರಿಲ್ಲ. ಸ್ವಂತ ದುಡ್ಡು, ನೆಂಟರ ದುಡ್ಡು ಹಾಕಿ ಯಾರೋ ಹಟ ಹಿಡಿದು ಮಾಡಿದ ಚಿತ್ರಗಳು. ಈ ಸಲ ಏಳು ದಿನಕ್ಕೆ ಇಪ್ಪತ್ತೆರಡು. ಹತ್ತೊಂಬತ್ತು ಪುಟ್ಟ ಪೆಟ್ಟಿಗೆಯಂಥ ಡಿಸ್ಕಿನಲ್ಲಿ ಬಂದಿವೆ, ಗುಂಡಿ ಒತ್ತಿದರೆ ಓಡುತ್ತವೆ. ಮೂರು ಮಾತ್ರ ಹಳೆಯ ಕಾಲದ ರೀಲುಗಳಲ್ಲಿವೆ. ಒಂದು ರೀಲು ಇಪ್ಪತ್ತು ನಿಮಿಷ. ಒಂದು ಪ್ರೊಜೆಕ್ಟರಿನಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಮುಂದಿನದು ಸಿದ್ಧವಿರಬೇಕು. ಹಾಗಾಗಿ ಮೂವತ್ತೇಳು ವರ್ಷ ಚಿತ್ರ ಓಡಿಸಿದ ಐಲ್ಸಾ ಕುರ್ಚಿಯಲ್ಲಿ ಕೂತು ಪೂರ್ತಿ ನೋಡಿದ ಚಿತ್ರ ಒಂದೂ ಇಲ್ಲ.

ಅದಕ್ಕೂ ಮೊದಲು ಅವರು ಉಣ್ಣೆ ಗೋದಾಮಿನಲ್ಲಿ ಉಣ್ಣೆ ವಿಂಗಡಿಸುತ್ತಿದ್ದರು. ಗೋದಾಮು ಮುಚ್ಚಿತು, ಅದೇ ವರ್ಷ ಗಂಡ ತೀರಿಕೊಂಡರು. ಚಿತ್ರಮಂದಿರದ ಮುದಿ ಆಪರೇಟರಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಬೆರಳು ಚುರುಕಾಗಿದೆ ಎಂದು ಐಲ್ಸಾರನ್ನು ಕರೆದು ಕೂರಿಸಿದ. ಈಗ ಅವರದೇ ಮೊಣಕಾಲು ಕೈಕೊಟ್ಟಿದೆ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತಾರೆ. ಪ್ರದರ್ಶನದ ಕೊನೆಯ ದಿನ ಆಡಳಿತ ಸಮಿತಿಯವರು ವೇದಿಕೆಯ ಮೇಲೆ ಎಲ್ಲರಿಗೂ ಹೂಗುಚ್ಛ ಕೊಡುತ್ತಾರೆ. ಒಂದು ವರ್ಷ ಇವರ ಹೆಸರನ್ನೂ ಓದಿದರು, ಅದನ್ನೂ ತಪ್ಪಾಗಿ ಓದಿದರು.

ಸೆಮಿಸಿ ಟೀ ಪಾತ್ರೆಗಳನ್ನು ಎತ್ತಿಕೊಂಡು ಹೋಗಲು ಮೇಲೆ ಬರುತ್ತಾನೆ. ಟೋಂಗಾ ದ್ವೀಪದಿಂದ ಬಂದು ಇಲ್ಲಿನ ಮಾಂಸದ ಕಾರ್ಖಾನೆಯಲ್ಲಿ ದುಡಿಯುವ ಐವತ್ತರ ಆಳು. ಈ ಒಂದು ವಾರ ರಜೆ ಹಾಕಿ ಟಿಕೆಟ್ ಹರಿಯುತ್ತಾನೆ, ಟೀ ಮಾರುತ್ತಾನೆ.

"ಆಂಟಿ, ಇವತ್ತು ಅಳೋ ಚಿತ್ರನೋ, ನಿದ್ದೆ ಮಾಡೋ ಚಿತ್ರನೋ, ಮೊದಲೇ ಹೇಳ್ಬಿಡಿ. ಅಳೋದಾದ್ರೆ ಕಾಗದದ ಕರವಸ್ತ್ರ ಜಾಸ್ತಿ ಇಡ್ತೀನಿ."

"ನಿನ್ನ ಕೆಲಸ ನೋಡ್ಕೊ ಹೋಗೋ."

"ಹೋದ ವರ್ಷ ಒಂದ್ರಲ್ಲಿ ಒಂದೂವರೆ ಗಂಟೆ ಒಂದು ಕುರಿ ನಿಂತಿತ್ತು," ಎಂದು ನನಗೆ ಹೇಳುತ್ತಾನೆ. "ನಾನು ದಿನಾ ಎರಡು ಸಾವಿರ ಕುರಿ ನೋಡ್ತೀನಿ. ನಂಗೆ ಯಾರೂ ಚಪ್ಪಾಳೆ ಹೊಡೀಲಿಲ್ಲ."

ಐಲ್ಸಾ ನಗುವುದಿಲ್ಲ. ಬೆಂಚಿನ ಮೇಲಿನ ರೀಲಿನ ಮೇಲೆ ಅಂಗೈ ಇಟ್ಟುಕೊಂಡಿದ್ದಾರೆ. ಅದು 'ಉಪ್ಪುಗಾಳಿ' ಎಂಬ ಚಿತ್ರದ ಮೂರನೇ ರೀಲು. ಗುರುವಾರ ಮಧ್ಯಾಹ್ನ ಎರಡಕ್ಕೆ ಅದರ ಪ್ರದರ್ಶನ. ಅದರ ವಿಷಯ ಹೇಳಬೇಕೆಂದೇ ಅವರು ಊರಿನ ಪತ್ರಿಕೆಗೆ ಬರೆಯುವ ನನ್ನನ್ನು ಕರೆಸಿದ್ದು.

ಇಪ್ಪತ್ತೆಂಟು ವರ್ಷದ ಹಿಂದೆ ಮೀನುಗಾರನೊಬ್ಬನ ಮಗ ಡೂಗಲ್ ರೆನಿ ತನ್ನ ಅಪ್ಪನನ್ನೇ ಮೂರು ವರ್ಷ ಚಿತ್ರೀಕರಿಸಿದ. ಮೂರನೇ ವರ್ಷ ಅಪ್ಪ ತೀರಿಕೊಂಡ. ಮಗ ಅದನ್ನೂ ಚಿತ್ರೀಕರಿಸಿದ, ಆಮೇಲೆ ಖಾಲಿ ಮನೆಯನ್ನೂ ಚಿತ್ರೀಕರಿಸಿದ. ಒಟ್ಟು ಆರು ರೀಲು. ಡಬ್ಬಿಗಳನ್ನು ತಾನೇ ಹೊತ್ತು ಬಸ್ಸಿನಲ್ಲಿ ತಂದ. ಮಳೆಗೆ ಮೂರನೇ, ನಾಲ್ಕನೇ ಡಬ್ಬಿಗಳ ಚೀಟಿಗಳು ಕಿತ್ತುಹೋಗಿದ್ದವು. ಫಿಲ್ಮಿನ ತಲೆಯಲ್ಲಿ ಪೆನ್ಸಿಲಿನಿಂದ ಬರೆದ ಸಂಖ್ಯೆ ಅಳಿಸಿತ್ತು.

"ಒಂದರಲ್ಲಿ ಮುದುಕ ಕೆಟಲ್ ಇಟ್ಟು ಬಲೆ ಹೊಲೀತಿದ್ದ. ಇನ್ನೊಂದರಲ್ಲಿ ಅವನ ಶವಪೆಟ್ಟಿಗೆ," ಎನ್ನುತ್ತಾರೆ ಐಲ್ಸಾ. "ಯಾವುದು ಮೊದಲು ಅಂತ ಹಾಲು ಕುಡಿಯೋ ಮಗುಗೂ ಗೊತ್ತಾಗುತ್ತೆ. ನಂಗೆ ಗೊತ್ತಾಗ್ಲಿಲ್ಲ."

ಗೊತ್ತಾಗದೇ ಇದ್ದದ್ದಕ್ಕೆ ಕಾರಣವಿತ್ತು. ಅದರ ಹಿಂದಿನ ವರ್ಷ ಬೇರೊಬ್ಬನ ಚಿತ್ರದಲ್ಲಿ ಮದುವೆಗೆ ಮೊದಲೇ ಮಗು ದೊಡ್ಡದಾಗಿತ್ತು. ಡಬ್ಬಿ ಅದಲುಬದಲಾಗಿದೆ ಎಂದುಕೊಂಡು ಐಲ್ಸಾ ಸರಿಮಾಡಿದ್ದರು. ಆ ಮಹಾನುಭಾವ ಮೆಟ್ಟಿಲು ಹತ್ತಿ ಬಂದು ಕೂಗಾಡಿದ. ನನ್ನ ಚಿತ್ರದಲ್ಲಿ ಮೊದಲು, ಆಮೇಲೆ ಅನ್ನುವುದೇ ಇಲ್ಲ, ಉಣ್ಣೆ ಆರಿಸುವವರಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು ಎಂದ. ಆಡಳಿತ ಸಮಿತಿಯವರೂ ಅವನ ಪರವಾಗಿಯೇ ನಿಂತರು.

"ಅವತ್ತಿಂದ ಕೇಳೋದೇ ಬಿಟ್ಟೆ. ಸತ್ತವನು ಎದ್ದು ಟೀ ಮಾಡಿದ್ರೆ ಮಾಡ್ಲಿ, ಇವರ ಪೈಕಿ ಹೀಗೇ ಇರ್ಬೇಕು ಅಂದ್ಕೊಂಡೆ. ಡೂಗಲ್ ಇಳ್ಕೊಂಡಿದ್ದು ಇಲ್ಲೇ ಎದುರು ರಸ್ತೆಯ ಮೋಟೆಲಲ್ಲಿ. ಒಂದು ಫೋನ್ ಮಾಡಿದ್ರೆ ಆಗ್ತಿತ್ತು, ಕೈಗೆ ಸಿಕ್ಕಿದ ಡಬ್ಬೀನೇ ಮೂರನೇದು ಅಂತ ಹಾಕ್ಬಿಟ್ಟೆ. ಫೋನ್ ಮಾಡ್ಲಿಲ್ಲ."

ಪರದೆಯ ಮೇಲೆ ಅಪ್ಪನನ್ನು ಮಣ್ಣು ಮಾಡಿದರು. ಮರುಗಳಿಗೆ ಅದೇ ಅಪ್ಪ ಅಡುಗೆಮನೆಗೆ ಬಂದು ಕೆಟಲ್ ಇಟ್ಟ. ಇಪ್ಪತ್ತು ನಿಮಿಷ ಬಲೆ ಹೊಲಿದ. ಆಮೇಲೆ ಮನೆ ಖಾಲಿ. ಸಭಾಂಗಣದಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಡೂಗಲ್ ಎರಡು ಸಲ ಕುರ್ಚಿಯಿಂದ ಎದ್ದು ಮೇಲಿನ ಕಿಟಕಿಯ ಕಡೆ ತಿರುಗಿ ನೋಡಿದ. ಅವನಿಗೆ ಖುಷಿಯಾಗಿದೆ ಎಂದುಕೊಂಡ ಐಲ್ಸಾ ಹೆಬ್ಬೆರಳು ಎತ್ತಿ ತೋರಿಸಿದರು. ಅವನು ಮೆಲ್ಲಗೆ ಕೂತ.

ಚಿತ್ರ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಲೆ ರೀಲು ತಿರುಗಿ ಸುತ್ತುತ್ತಿದ್ದ ಐಲ್ಸಾರಿಗೆ ಫಿಲ್ಮಿನ ಬಾಲದಲ್ಲಿ ಅಳಿಸದೆ ಉಳಿದ ಸಂಖ್ಯೆ ಕಂಡಿತು. ಹೇಳಿಬಿಡೋಣ ಎಂದು ಮೂವತ್ತೆಂಟು ಮೆಟ್ಟಿಲನ್ನೂ ಇಳಿದು ಬಂದರು.

"ಕೆಳಗೆ ಯಾರೋ ಅವನ ಎರಡೂ ಕೈ ಹಿಡ್ಕೊಂಡು ಹೊಗಳ್ತಾ ಇದ್ರು," ಎನ್ನುತ್ತಾ ನನ್ನ ಮುಖವನ್ನೇ ನೋಡುತ್ತಾರೆ. "ಸತ್ತ ಅಪ್ಪನ್ನ ವಾಪಸ್ ಕರ್ಕೊಂಡು ಬರೋಕೆ ಎಂಥ ಧೈರ್ಯ ಬೇಕು ಅಂತ. ಕಣ್ಣಲ್ಲಿ ನೀರು ಬೇರೆ. ಹೇಗೆ ಹೇಳ್ಲಿ? ಹಾಗೇ ಹಿಂದಕ್ಕೆ ಹತ್ತಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನ್ನದು. ಆ ಕೈ ಹಿಡಿದು ಹೊಗಳಿದ್ದು ನಾನೇ. ಆ ಶನಿವಾರ ಪತ್ರಿಕೆಯ ಇದೇ ಪುಟದಲ್ಲಿ ಅದನ್ನೇ ಅರ್ಧ ಪುಟ ಬರೆದದ್ದೂ ನಾನೇ. ಆ ಲೇಖನವನ್ನು ಬೇರೆ ಊರಿನವರು ಓದಿ ಚಿತ್ರವನ್ನು ತರಿಸಿಕೊಂಡರು. ಇಷ್ಟು ವರ್ಷ ಅದು ನನ್ನ ಒಳ್ಳೆಯ ಬರಹಗಳಲ್ಲಿ ಒಂದು ಎಂದು ಬೀಗಿಕೊಂಡಿದ್ದೆ. ಈಗ ನಾಚಿಕೆಯಾಗುತ್ತದೆ.

ಆ ಪ್ರದರ್ಶನದ ಮರುದಿನ ಡಬ್ಬಿಗಳನ್ನು ಮುಂದಿನ ಊರಿಗೆ ಕಳಿಸಬೇಕಿತ್ತು. ಆಗಲಾದರೂ ಸರಿಮಾಡಬಹುದಿತ್ತು. ಐಲ್ಸಾ ಹೊಸ ಚೀಟಿ ಅಂಟಿಸಿ, ತಾವು ಓಡಿಸಿದ ಕ್ರಮದಲ್ಲೇ ಸಂಖ್ಯೆ ಬರೆದರು. ಬಾಲದ ಸಂಖ್ಯೆಯನ್ನೂ ಉಜ್ಜಿ ಅಳಿಸಿದರು.

"ಮೊದಲನೇದು ಅಚಾತುರ್ಯ. ಇದು ಅಲ್ಲ," ಎನ್ನುತ್ತಾರೆ. "ಬೈತಾರೆ ಅಂತ ಹೆದರಿ ಬೇಕೂಂತ್ಲೇ ಮಾಡಿದ್ದು. ಅದನ್ನೂ ಬರ್ಕೋ."

ಚಿತ್ರ ಐದಾರು ಊರು ಸುತ್ತಿತು, ಎಲ್ಲ ಕಡೆಯೂ ಸತ್ತ ಅಪ್ಪ ಎದ್ದು ಬಂದ. ಡೂಗಲ್ ಮತ್ತೆ ಚಿತ್ರ ಮಾಡಲಿಲ್ಲ. ದಕ್ಷಿಣಕ್ಕೆ ಹೋಗಿ ಕಾರು ಓಡಿಸುವುದನ್ನು ಕಲಿಸುತ್ತಿದ್ದಾನೆ. ಈ ವರ್ಷ ಹಳೆಯ ಚಿತ್ರಗಳ ಪಟ್ಟಿಯಲ್ಲಿ 'ಉಪ್ಪುಗಾಳಿ'ಯ ಹೆಸರು ಕಂಡ ದಿನವೇ ಐಲ್ಸಾ ಅವನಿಗೆ, ಬಂದು ನೋಡು ಎಂದು ಕಾಗದ ಬರೆದರು. ಇರುವುದು ಇದೊಂದೇ ಪ್ರತಿ, ಮುಂದಿನ ವರ್ಷ ಈ ಪ್ರೊಜೆಕ್ಟರುಗಳನ್ನು ತೆಗೆದುಬಿಡುತ್ತಾರೆ. ಅಷ್ಟರೊಳಗೆ ಒಂದೇ ಒಂದು ಸಲ, ಅವನು ಮಾಡಿದ ಹಾಗೆ, ಅವನ ಎದುರಿಗೆ ಅದನ್ನು ಓಡಿಸಬೇಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತಮ್ಮನ್ನು ತಾವೇ ಹಂಗಿಸಿಕೊಳ್ಳುತ್ತಾರೆ. ಕಾಗದಕ್ಕೆ ಉತ್ತರ ಬಂದಿಲ್ಲ.

ಗುರುವಾರ. ನೂರ ನಲವತ್ತು ಕುರ್ಚಿಯಲ್ಲಿ ಅರವತ್ತು ತುಂಬಿವೆ. ಎರಡಕ್ಕೆ ಐದು ನಿಮಿಷವಿರುವಾಗ ಸೆಮಿಸಿ ಏದುಸಿರು ಬಿಡುತ್ತಾ ಮೇಲೆ ಬರುತ್ತಾನೆ.

"ಆಂಟಿ, ನಿಮ್ಮ ಮನುಷ್ಯ ಬಂದಿದ್ದಾನೆ. ಹಿಂದಿನ ಸಾಲು, ಬಾಗಿಲ ಪಕ್ಕ. ಟೀ ಕೊಟ್ರೆ ಬೇಡ ಅಂದ. ಮುಖ ನೋಡಿದ್ರೆ ಹಲ್ಲು ಕೀಳಿಸ್ಕೊಳ್ಳೋಕೆ ಬಂದವನ ಥರ ಇದ್ದಾನೆ."

ಐಲ್ಸಾ ಗವಸು ಏರಿಸಿಕೊಳ್ಳುತ್ತಾರೆ. ಮೊದಲ ರೀಲು ಹಾಕುತ್ತಾರೆ. ಎರಡನೆಯದು ಮುಗಿಯುತ್ತ ಬಂದಾಗ ಮೂರನೆಯದನ್ನು ಎರಡೂ ಕೈಯಿಂದ ಎತ್ತಿಕೊಳ್ಳುತ್ತಾರೆ. ನಾನು ಹಿಡಿಯಲು ಹೋದರೆ "ಬಿಡು, ಇದು ನನ್ನ ಕೆಲಸ" ಎಂದು ದೂಡುತ್ತಾರೆ.

ಅಪ್ಪ ಕೆಟಲ್ ಇಡುತ್ತಾನೆ. ಬಲೆ ಹೊಲಿಯುತ್ತಾನೆ. ಅದಾದ ಮೇಲೆ ನಾಲ್ಕನೇ ರೀಲು, ಶವಪೆಟ್ಟಿಗೆ. ಅದಾದ ಮೇಲೆ ನಲವತ್ತು ನಿಮಿಷ ಬರೀ ಮನೆ. ಕಿಟಕಿ, ಒಲೆ, ಗೂಟಕ್ಕೆ ನೇತುಹಾಕಿದ ಕೋಟು. ಯಾರೂ ಬರುವುದಿಲ್ಲ. ಅವನು ಬರುತ್ತಾನೇನೋ ಎಂದು ನೋಡುತ್ತಲೇ ಇರುತ್ತೇವೆ, ಬರುವುದಿಲ್ಲ. ನನಗೆ ಕೂರಲಾಗುವುದಿಲ್ಲ. ಕೆಳಗೆ ಒಬ್ಬರು ಎದ್ದು ಹೋಗುತ್ತಾರೆ. ಆಮೇಲೆ ಗಂಡಹೆಂಡತಿ ಇಬ್ಬರು. ಕೊನೆಗೆ ಇನ್ನೊಬ್ಬರು, ಕುರ್ಚಿ ದಡಾರನೆ ಮಡಚಿಕೊಳ್ಳುತ್ತದೆ. ದೀಪ ಹತ್ತಿದಾಗ ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿದ್ದು ನಿಲ್ಲುತ್ತದೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಐವತ್ತೈದರ ಡೂಗಲ್ ಬಾಗಿಲಲ್ಲಿ ನಿಂತಿದ್ದಾನೆ, ಟೊಪ್ಪಿ ಕೈಯಲ್ಲಿ.

"ಕಾಗದ ಬಂತು," ಎನ್ನುತ್ತಾನೆ. "ಏನು ಬರೀಬೇಕು ಅಂತ ತಿಳೀಲಿಲ್ಲ."

"ಆ ಚೀಟಿ ಅಂಟಿಸಿದ್ದು ನಾನೇ, ಡೂಗಲ್."

"ಗೊತ್ತು. ನಾನೂ ಅವತ್ತೇ ಎದ್ದು ಕೂಗಬಹುದಿತ್ತು. ಚಪ್ಪಾಳೆ ಬಿತ್ತು, ಬಾಯಿ ಕಟ್ಟಿಹೋಯ್ತು. ಮುಂದಿನ ಚಿತ್ರ ಯಾವಾಗ ಅಂತ ಕೇಳಿದೋರಿಗೆಲ್ಲ ಬೇಕಾಗಿದ್ದು ಆ ಎದ್ದು ಬರೋ ಮುದುಕ. ನನ್ನಪ್ಪ ಎದ್ದು ಬರ್ಲಿಲ್ಲ, ಐಲ್ಸಾ. ಅದನ್ನ ಹೇಳೋಕೇ ನಾನು ಚಿತ್ರ ಮಾಡಿದ್ದು."

"ನಾನು ಅವತ್ತು ಹೇಳಿದ್ರೆ ಇನ್ನೊಂದು ಮಾಡ್ತಿದ್ದೆಯಾ?"

"ಮಾಡ್ತಿದ್ದೆ," ಎನ್ನುತ್ತಾನೆ. "ನಿಮಗೆ ಸಮಾಧಾನ ಆಗ್ಲಿ ಅಂತ ಇಲ್ಲ ಅನ್ನೋಕೆ ನನ್ನ ಕೈಲಿ ಆಗಲ್ಲ."

ಐಲ್ಸಾ ತಲೆಯಾಡಿಸುತ್ತಾರೆ. ಗವಸು ಕಳಚಿ ಬೆಂಚಿನ ಮೇಲೆ ಇಡುತ್ತಾರೆ. ಕ್ಷಮಿಸು ಎಂದು ಕೇಳುವುದಿಲ್ಲ, ಅವನೂ ಆ ಮಾತು ಎತ್ತುವುದಿಲ್ಲ.

"ಜನಕ್ಕೆ ಹಿಡಿಸ್ಲಿಲ್ಲ," ಎನ್ನುತ್ತಾರೆ ಕೊನೆಗೆ. "ನಾಲ್ಕು ಜನ ಎದ್ದು ಹೋದ್ರು."

"ನಾನೂ ಎಣಿಸಿದೆ," ಎನ್ನುತ್ತಾನೆ ಡೂಗಲ್. ಬಂದಾಗಿನಿಂದ ಮೊದಲ ಸಲ ಅವನ ಮುಖ ಸಡಿಲವಾಗಿದೆ. "ಆ ನಾಲ್ಕು ಜನ ಎದ್ದು ಹೋಗಿದ್ದು ನನ್ನ ಚಿತ್ರದಿಂದ."