ಮಷೀನಿನ ಸದ್ದು ಮತ್ತು ಒಂದು ಬೊಗಸೆ ಶೇಂಗಾ

ನಾನು ಇಷ್ಟು ವರ್ಷ ಮಾಡುತ್ತಿದ್ದ ಕೆಲಸಕ್ಕೆ ‘ಯೂಸರ್ ರಿಸರ್ಚ್’ ಎಂಬ ಘನವಾದ ಹೆಸರಿದೆ ಎಂದು ತಿಳಿಯುವಷ್ಟರಲ್ಲಿ ನನ್ನ ತಲೆಗೂದಲು ಅರ್ಧ ಖಾಲಿಯಾಗಿತ್ತು. ಅಲ್ಲಿಯವರೆಗೆ ನಮ್ಮ ಮಾಲೀಕರು ಅದನ್ನು ‘ಊರು ತಿರುಗೋದು’ ಎನ್ನುತ್ತಿದ್ದರು. ನನ್ನ ಹೆಂಡತಿಯ ಬಾಯಲ್ಲಿ ಅದು ‘ಶೇಂಗಾ ತಿನ್ನೋ ನೌಕರಿ’.

ಕೊಟ್ಟೂರಿನಲ್ಲಿ ಒಕ್ಕಲುತನದ ಸಾಮಾನು ಮಾಡುವ ಸಣ್ಣ ಕಾರ್ಖಾನೆ ನಮ್ಮದು. ಮಾರಿದ ಮಷೀನುಗಳು ಮನೆಗಳಲ್ಲಿ ಹೇಗೆ ನಡೆಯುತ್ತಿವೆ ಎಂದು ನೋಡಿ ಬರುವುದು ನನ್ನ ಪಾಲಿನ ಕೆಲಸ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ಬಸ್ಸು ಹತ್ತುತ್ತಿದ್ದೆ. ಹತ್ತಿದ ಕೂಡಲೇ ಚಿಂತೆ ಶುರು. ಮನೆಯಲ್ಲಿ ಗ್ಯಾಸ್ ಆರಿಸಿದ್ದೆನೋ ಇಲ್ಲವೋ, ಕೊನೆಯ ಬಸ್ಸು ತಪ್ಪಿದರೆ ಎಲ್ಲಿ ಮಲಗುವುದು, ಯಾರಾದರೂ ಮಷೀನಿಗೆ ಬೆರಳು ಕೊಟ್ಟಿದ್ದರೆ ಏನು ಗತಿ. ಮಷೀನು ಚೆನ್ನಾಗಿದೆ ಎಂದು ಜನ ಹೊಗಳಿದರಂತೂ ಚಿಂತೆ ಇಮ್ಮಡಿ. ಮನೆಗೆ ಬಂದವರ ಮುಖದ ಮೇಲೆ ಕೆಟ್ಟದ್ದು ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ. “ಭಾಳ ಚಲೋ ಐತ್ರಿ” ಎಂದು ಚಹಾ ಕೊಡುತ್ತಾರೆ. ಅತ್ತ ಮಷೀನು ದನದ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತದೆ.

ಬಿತ್ತನೆ ಶೇಂಗಾ ಬಿಡಿಸುವ ನಮ್ಮ ಪುಟ್ಟ ಮೋಟರು ಮಷೀನಿಗೂ ಹೀಗೇ ಆಯಿತು. ರಬ್ಬರ್ ರೋಲರ್ ಹಾಕಿದ್ದರಿಂದ ಕಾಳು ಒಡೆಯುತ್ತಿರಲಿಲ್ಲ, ಸಿಪ್ಪೆ ಬೇರೆಯಾಗಿ ಬೀಳುತ್ತಿತ್ತು. ಆದರೂ ಕೊಂಡ ಮನೆಗಳಲ್ಲಿ ಹೆಂಗಸರು ಮತ್ತೆ ಕೈಯಲ್ಲೇ ಬಿಡಿಸುತ್ತಿದ್ದಾರೆಂದು ಸುದ್ದಿ ಬಂತು. ಯಾಕೆಂದು ತಿಳಿಯಲು ಗುಡೇಕೋಟೆಗೆ ಹೋದೆ.

ಮುಂಗಾರಿಗೆ ಮೊದಲು ಬಿತ್ತನೆಯ ಕಾಯಿ ಬಿಡಿಸಲು ಓಣಿಯ ಹೆಂಗಸರೆಲ್ಲ ಒಂದು ಪಡಸಾಲೆಯಲ್ಲಿ ಸೇರುತ್ತಾರೆ; ಇವತ್ತು ಇವರ ಮನೆ, ನಾಳೆ ಅವರ ಮನೆ. ಅಲ್ಲೊಂದು ನೇಮವಿತ್ತು. ಒಳಗೆ ಬಂದವರು ಯಾರೇ ಆಗಲಿ, ಕೂತು ಒಂದು ಬೊಗಸೆ ಕಾಯಿ ಬಿಡಿಸುವ ತನಕ ಬಂದ ಕೆಲಸ ಎತ್ತುವಂತಿಲ್ಲ.

“ಬರ್ರಿ ಮಷೀನಿನ್ಯಾರ, ಮೊದಲು ಕೈ ನಡೀಲಿ, ಆಮ್ಯಾಲೆ ಬಾಯಿ,” ಎಂದು ಆ ಮನೆಯ ಯಜಮಾನಿ ನನ್ನ ಮುಂದೆ ಕಾಯಿ ಸುರಿದಳು.

ಅರ್ಧ ಬೊಗಸೆಗೇ ನನ್ನ ಹೆಬ್ಬೆರಳು ಕೆಂಪಾಯಿತು. “ಅಯ್ಯ, ಮಷೀನ್ ಮಾಡೋರ ಕೈಗೇ ಮಷೀನ್ ಬೇಕಾಗೇತಿ ನೋಡ್ರೇ!” ಎಂದು ಮೂಲೆಯಲ್ಲಿದ್ದವಳು ಕೂಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ ಮಾತ್ರ ಹೆಬ್ಬೆರಳಲ್ಲಿ ಕೀವಾದರೆ ಎಂಬ ಯೋಚನೆ.

ಬೊಗಸೆ ಮುಗಿದ ಮೇಲೆ ಕೇಳಿದೆ. ಯಜಮಾನಿ ಅಂದಳು, “ಮಷೀನ್ ಚಲೋನ ಐತ್ರಿ. ಆದ್ರ ಅದು ತಾನೊಂದ ಮಾತಾಡ್ತೈತಿ, ನಮಗ ಮಾತಾಡಾಕ ಬಿಡಂಗಿಲ್ಲ. ಈಕಿ ಹಿಂದಿನ ಓಣಿ ಅತ್ತಿ-ಸೊಸಿ ಜಗಳ ಹೇಳಾಕ ಹತ್ತಿದ್ಲು. ನನ್ನ ಮಗ ಬಂದು ಸ್ವಿಚ್ ಹಾಕಿದ. ಸೊಸಿ ಏನಂದ್ಲು ಅನ್ನೋದು ಅಲ್ಲೇ ಉಳೀತು.”

ಕೊಟ್ಟೂರಿಗೆ ಬಂದು ಇದನ್ನೆಲ್ಲ ಸೊಸೆಯ ಸಮೇತ ವರದಿಯಾಗಿ ಬರೆದು ಮಾಲೀಕರ ಮೇಜಿನ ಮೇಲಿಟ್ಟೆ. ಸಂಜೆ ನೋಡಿದರೆ ಅದರ ಮೇಲೆ ಮಿರ್ಚಿ ಬಜ್ಜಿಯ ಎಣ್ಣೆ.

“ಸದ್ದಿಲ್ಲದ ಮಷೀನ್ ಯಾರ್ ತಗೊಂತಾರ್ರಿ?” ಎಂದರು ಮಾಲೀಕರು. ನಮ್ಮ ಮಷೀನು ಮಾರುವ ಹರಪನಹಳ್ಳಿಯ ಅಂಗಡಿಯವನೂ ಅವರ ಕಡೆಯೇ. “ಗಿರಾಕಿ ಸ್ವಿಚ್ ಹಾಕಿದ್ರೆ ಅಂಗಡಿ ನಡುಗ್ಬೇಕು ನೋಡ್ರಿ, ಆಗ್ಲೇ ಪವರ್ ಐತೆ ಅಂತಾರೆ,” ಎಂದು ಫೋನಿನಲ್ಲಿ ಹೇಳಿದ್ದನಂತೆ. ಅವನದೂ ಸುಳ್ಳಲ್ಲ. ಅಂಗಡಿಯಲ್ಲಿ ಕೊಳ್ಳುವವರು ಗಂಡಸರು. ಸದ್ದಿನ ಪಕ್ಕ ಕೂರುವವರು ಹೆಂಗಸರು. ಮಾಲೀಕರು ಇನ್ನೂ ದೊಡ್ಡ ಮೋಟರು ಹಾಕಿಸಲು ನಿಶ್ಚಯಿಸಿದ್ದರು. ಒಂದು ಮಾದರಿ ಸಿದ್ಧವಾಗಿತ್ತು. ಸೋಮವಾರ ಉಳಿದ ಮೋಟರುಗಳಿಗೆ ಆರ್ಡರ್ ಕೊಟ್ಟರೆ ಮುಗಿಯಿತು. ಆ ಪಡಸಾಲೆಗಳಿಗೆ ನಮ್ಮ ಮಷೀನು ಇನ್ನು ಕಾಲಿಡುವುದಿಲ್ಲ, ನಾನು ಊರೂರು ತಿರುಗಿದ್ದೂ ದಂಡ.

ಎದುರು ವಾದಿಸುವ ಎದೆ ನನಗಿರಲಿಲ್ಲ. ಆದರೆ ಹೊಸ ಮಾದರಿಗೆ ಮಾಲೀಕರ ಅವ್ವ ಕುಂಕುಮ ಹಚ್ಚದೆ ನಮ್ಮಲ್ಲಿ ಯಾವ ಆರ್ಡರೂ ಹೋಗುತ್ತಿರಲಿಲ್ಲ. ಶನಿವಾರ ಅವರ ಮನೆಯಲ್ಲೇ ಕಾಯಿ ಬಿಡಿಸುವವರು ಸೇರುತ್ತಾರೆಂದು ಗೊತ್ತಿತ್ತು. “ಪೂಜಿ ಶನಿವಾರ ಇಟ್ಕೊಳ್ರಿ, ಅಲ್ಲೇ ನಡೆಸಿ ನೋಡಿದಂಗೂ ಆಗ್ತೈತಿ,” ಎಂದೆ. ಅಷ್ಟು ಹೇಳಲು ಹಿಂದಿನ ಇಡೀ ದಿನ ಅಭ್ಯಾಸ ಮಾಡಿದ್ದೆ.

ಅವ್ವ ಕುಂಕುಮ ಹಚ್ಚಿದರು. ಮಷೀನು ಶುರುವಾಯಿತು. ಗೋಡೆಯ ಗೂಡಿನಲ್ಲಿದ್ದ ಲೋಟಗಳು ಗಲಗಲ ಎಂದವು. ಮಾಲೀಕರು ಹೆಮ್ಮೆಯಿಂದ ನನ್ನ ಕಡೆ ನೋಡಿ ಹೊರಡಲು ತಿರುಗಿದರು. ಅವ್ವ ಅವರ ಬಿಳಿ ಅಂಗಿಯ ತುದಿ ಹಿಡಿದು ಕೂರಿಸಿ, ಮುಂದೆ ಒಂದು ಬೊಗಸೆ ಕಾಯಿ ಹಾಕಿದರು. ಇಲ್ಲೂ ಅದೇ ನೇಮ, ಮಗನೂ ಹೊರತಲ್ಲ.

ಅವ್ವ ಏನೋ ಕೇಳಿದರು. ಮಾಲೀಕರು ಕಿವಿಗೆ ಕೈಯಿಟ್ಟರು. ಅವ್ವ ಮತ್ತೆ ಕೇಳಿದರು, ಇನ್ನೊಮ್ಮೆ ಕೇಳಿದರು. ಆಮೇಲೆ ಎದ್ದು ಗೋಡೆ ಹಿಡಿದುಕೊಂಡು ನಡೆದು ತಾವೇ ಸ್ವಿಚ್ ಆರಿಸಿದರು.

“ಲೇ, ವರ್ಷಕ್ಕೊಮ್ಮಿ ನೀ ನನ್ನ ಮುಂದ ಕುಂದರೋದು ಈ ಬೊಗಸಿ ಮುಗಿಯೋ ತನಕ ಅಷ್ಟ. ಅದರಾಗೂ ಇದನ್ನ ತಂದು ನಡುವ ಇಟ್ಟೀಯಲ್ಲೋ.”

ನನ್ನ ಕೆಲಸ ಹೋಯಿತು ಎಂದುಕೊಂಡೆ. ಮಾಲೀಕರು ತಲೆ ಬಗ್ಗಿಸಿ ಬೊಗಸೆ ಮುಗಿಸಿದರು. ಮೊರಕ್ಕೆ ಕೈಹಾಕಿ ಮತ್ತೊಂದು ಬೊಗಸೆ ತೆಗೆದುಕೊಂಡರು. ಅವ್ವ ತಮ್ಮ ಮೊಣಕಾಲು ನೋವು, ಹಡಗಲಿಗೆ ಕೊಟ್ಟ ಮಗಳು, ಅವಳ ಎಮ್ಮೆ, ಎಲ್ಲ ಹೇಳಿದರು. ಮಗ ಹೂಂಗುಟ್ಟಿದರು.

ಹೊರಗೆ ಬಂದ ಮೇಲೆ ಕೇಳಿದರು, “ಗುಡೇಕೋಟಿಯಾಗ ಆ ಸೊಸಿ ಏನಂದ್ಲಂತ್ರಿ?”

ಎಣ್ಣೆ ಬಿದ್ದ ವರದಿಯನ್ನು ಅವರು ಓದಿದ್ದರು! “ಗೊತ್ತಿಲ್ರಿ,” ಎಂದೆ. “ಮಷೀನ್ ನಡದಿತ್ತು.”

ಚಪ್ಪಲಿ ಮೆಟ್ಟುತ್ತಾ ಅಂದರು, “ದೊಡ್ಡ ಮೋಟರ್ ಬ್ಯಾಡ, ಸದ್ದು ಕಮ್ಮಿ ಇರೋದು ಮಾಡ್ರಿ ಅಂತ ಹೇಳಿಬಿಡ್ರಿ. ಹರಪನಹಳ್ಳ್ಯಾವಗ ಬೇಕಾದ್ರ ಈ ಗದ್ದಲದ್ದ ಒಂದು ಅಂಗಡ್ಯಾಗ ಇಟ್ಕೊಳಾಕ ಕೊಡ್ರಿ.”

ಈಗ ಅವ್ವ ಇಲ್ಲ. ಕಾರ್ಖಾನೆಗೆ ಗಾಜಿನ ಕೋಣೆ ಬಂದಿದೆ, ಗೋಡೆಯ ಮೇಲೆ ದೊಡ್ಡ ಪರದೆ ಇದೆ. ಊರು ತಿರುಗಿ ಬಂದ ಹೊಸಬರು ಅದರಲ್ಲಿ ಬಣ್ಣದ ಚಿತ್ರ ತೋರಿಸುತ್ತಾರೆ, ಕೇಳುವವರು ಫೋನು ನೋಡುತ್ತಾರೆ. ನಮ್ಮ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಸರ್, ಏನು ಮಾಡುವುದು ಎಂದು ಅವರು ಕೇಳಿದಾಗ ನನಗೆ ಆ ಪಡಸಾಲೆಯ ಮಣ್ಣು ಮೆತ್ತಿದ ಕಾಯಿಯ ವಾಸನೆ ನೆನಪಾಗುತ್ತದೆ. ತೀರ್ಮಾನ ಮಾಡುವವರನ್ನು ಅಲ್ಲಿಗೆ ಕರೆದೊಯ್ದು ಕೂರಿಸಿ ಎನ್ನುತ್ತೇನೆ. ಹೇಳಿದ ಮೇಲೆ, ಕೂತರೆ ಅವರ ಸೊಂಟ ಹಿಡಿದುಕೊಂಡರೆ ಎಂದು ಚಿಂತೆಯಾಗುತ್ತದೆ.

ಆ ವರ್ಷವೇ, ಮುಂಗಾರು ಬರುವ ಮೊದಲು, ಸದ್ದು ಕಡಿಮೆ ಮಾಡಿದ ಮೆತ್ತಗಿನ ಮಷೀನು ತೆಗೆದುಕೊಂಡು ಗುಡೇಕೋಟೆಗೆ ಹೋಗಿದ್ದೆ. ಅದು ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಅದರ ಪಕ್ಕದಲ್ಲೇ ಕೂತು ಹೆಂಗಸರು ಜಗಳದ ಕಥೆ ಮುಗಿಸಿದರು. ರೊಟ್ಟಿ ದಪ್ಪವಾಯಿತೆಂದು ಅತ್ತೆ ಬೈದರೆ ಸೊಸೆ ಅಂದಿದ್ದಳಂತೆ, “ಅತ್ತಿ, ಇವತ್ತೊಂದಿನ ರೊಟ್ಟಿ ನೀವು ತಟ್ರಿ, ಬೈಯೋದು ನಾ ನೋಡ್ಕೊಂತೀನಿ.”

ಮಾಲೀಕರಿಗೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಷೀನು ಹೇಗೆ ನಡೆಯಿತೆಂದು ಕೇಳಲೇ ಇಲ್ಲ. ನಡುಮಧ್ಯಾಹ್ನ ಕೆಲಸ ಬಿಟ್ಟು, ಅವ್ವನಿಗೆ ಹೇಳಬೇಕೆಂದು ಮನೆಗೆ ಹೊರಟೇಬಿಟ್ಟರು.