ತಾಳೆ ನೋಡುವ ಗುಮಾಸ್ತರು

ನಮ್ಮ ಕಚೇರಿಯ ಹಿರಿಯ ಗುಮಾಸ್ತರು ಮೊಬೈಲಿನ ಕ್ಯಾಲೆಂಡರಿನಲ್ಲಿ ಮೀಟಿಂಗಿನ ದಿನ ಬರೆದರೆ, ಅದು ಕಂಪ್ಯೂಟರಿಗೂ ಬಂತೇ ಎಂದು ಕಳ್ಳನನ್ನು ಹಿಡಿಯುವವರಂತೆ ಸಪ್ಪಳವಿಲ್ಲದೆ ಹೋಗಿ ನೋಡುತ್ತಾರೆ. ಬಂದಿದ್ದರೆ ಅನುಮಾನ ಇನ್ನೂ ಹೆಚ್ಚು. ಇಂಟರ್‌ನೆಟ್ಟಿನ ಖಾತೆ ತೆರೆದು ಅಲ್ಲೂ ತಾಳೆ ನೋಡುತ್ತಾರೆ. "ಮೂರರಲ್ಲೂ ಒಂದೇ ಇದೆಯಲ್ಲ ಸಾರ್" ಎಂದರೆ, "ಮೂರೂ ಸೇರ್ಕೊಂಡು ಸುಳ್ಳು ಹೇಳಿದ್ರೆ?" ಎನ್ನುತ್ತಾರೆ. ಮೀಟಿಂಗ್ ಕರೆದವರಿಗೇ ಫೋನ್ ಮಾಡಿ ಕೇಳಿದ ಮೇಲೆಯೇ ಅವರಿಗೆ ಸಮಾಧಾನ. ಅವರ ಅಕ್ಕನ ವಿಷಯ ತಿಳಿಯುವವರೆಗೂ ನಾವು ನಗುತ್ತಿದ್ದೆವು. ಹೋದ ವರ್ಷ ಅಕ್ಕನ ಆಪರೇಷನ್ ಒಂದು ದಿನ ಮುಂಚೆಯೇ ನಡೆಯಿತು. ಆಸ್ಪತ್ರೆಯವರು ದಿನ ಬದಲಿಸಿದಾಗ ಇವರು ಕಂಪ್ಯೂಟರಿನಲ್ಲಿ ತಿದ್ದಿದ ತಾರೀಖು ಮೊಬೈಲಿಗೆ ಬಂದೇ ಇರಲಿಲ್ಲ; ಇವರು ನಂಬಿದ್ದು ಮೊಬೈಲನ್ನು. ಮರುದಿನ ಆಸ್ಪತ್ರೆಗೆ ಓಡಿ ಬಂದ ತಮ್ಮನನ್ನು ಅಕ್ಕ ಬೈಯಲಿಲ್ಲ. "ಒಳಗೆ ಕರ್ಕೊಂಡು ಹೋಗೋವರೆಗೂ ಬಾಗಿಲನ್ನೇ ನೋಡ್ತಿದ್ದೆ ಕಣೋ" ಎಂದಳಂತೆ, ಅಷ್ಟೇ.